ಗದಿಗೆಮ್ಮ ತಿನ್ನಿಸದೆ ಬಿಟ್ಟ ಮಂಗಳವಾರ

ಮಣಿಕೊಂಡದಲ್ಲಿ ಗದಿಗೆಮ್ಮನ ತಗಡಿನ ಮನೆ ಮುಂದೆ ಹಾದುಹೋದವರು ಹಸಿದ ಹೊಟ್ಟೆಯಲ್ಲಿ ಹೋಗುವುದು ಸಾಧ್ಯವೇ ಇರಲಿಲ್ಲ. ಹೋಗಿಯೇ ತೀರುತ್ತೇನೆಂದು ಹಟ ಹಿಡಿದರೂ ಆಕೆ ಬಿಡುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ ರೊಟ್ಟಿ, ಮೀಟರ್ ನೋಡಲು ಬಂದವನಿಗೆ ರೊಟ್ಟಿ, ‘ಈ ಶೆಡ್ಡು ನಾಳೆಯೊಳಗೆ ಕೀಳಬೇಕು’ ಎಂದು ಬೆದರಿಸಲು ಬಂದ ಬಿಲ್ಡರ್ ಕಡೆಯ ಸೂಪರ್‌ವೈಸರ್‌ಗೂ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಬಾಯಿ ತುಂಬಿದ್ದಾಗ ಬೆದರಿಸಲು ಆಗದೆ, ಬಾಯಿ ಖಾಲಿಯಾದ ಮೇಲೆ ಬೆದರಿಸಲು ಮನಸ್ಸು ಬಾರದೆ ಆತ ವಾಪಸು ಹೋದ. ಶೆಡ್ಡು ಅಲ್ಲೇ ಉಳಿಯಿತು.

ಆಕೆ ಶಹಾಪುರದ ಕಡೆಯವಳು. ಹೈದರಾಬಾದಿನ ಆ ಮಗ್ಗುಲಿನಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುವ ಕೆಲಸ ಜೋರಾದಾಗ ಗಂಡ ಮೌನಪ್ಪ, ಮಗ ಹುಲಗೇಶನ ಜೊತೆ ಬಂದು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತಳು. ಮೌನಪ್ಪ ತೀರಿಕೊಂಡ. ಮೊಣಕಾಲು ಹೋಯಿತು. ಬುಟ್ಟಿ ಇಳಿಯಿತು. ಅಷ್ಟರಲ್ಲಿ ಆಕೆ ಬುಟ್ಟಿ ಹೊತ್ತು ಎಬ್ಬಿಸಿದ ಕಟ್ಟಡಗಳ ತುಂಬ ಕಂಪ್ಯೂಟರ್ ಹುಡುಗರು ಬಂದು ಸೇರಿಕೊಂಡಿದ್ದರು. ಅವರಲ್ಲಿ ಬಾಗಲಕೋಟೆ, ರಾಯಚೂರು, ದಾವಣಗೆರೆಯವರು ಬೇಕಾದಷ್ಟು ಮಂದಿ. ರೊಟ್ಟಿ ತಟ್ಟುವ ಸಪ್ಪಳ ಕೇಳಿ ಒಬ್ಬ ಬಂದ. ಅವನ ಹಿಂದೆ ಅವನ ರೂಮಿನವರೆಲ್ಲ ಬಂದರು. ಅಲ್ಲಿಂದ ಗದಿಗೆಮ್ಮನ ಒಲೆ ಆರಿದ್ದೇ ಇಲ್ಲ.

ಆ ಹುಡುಗರಲ್ಲಿ ಕೌಶಲ್ ಎಂಬವನು ಒಮ್ಮೆ ಅಮೆರಿಕದ ಸಾಹೇಬನೊಬ್ಬನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಡಬ್ಬಿ ಒಯ್ಯಲು ಬಂದ. ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ, ಹುಡುಗನ ಮುಖ ಬಾಡಿತ್ತು. ಗದಿಗೆಮ್ಮ ರೊಟ್ಟಿಯಲ್ಲಿ ಎಣ್ಣೆಗಾಯಿ ಸುತ್ತಿ ಅವನ ಬಾಯಿಗೆ ಇಟ್ಟುಬಿಟ್ಟಳು. ಆ ಕಡೆಯಿಂದ ಸಾಹೇಬ ‘ಹಲೋ, ಹಲೋ’ ಎನ್ನುತ್ತಿದ್ದ.

“ಉಣ್ಣಾಕತ್ತಾನಂತ ಹೇಳು ಅವಗ!” ಎಂದು ಆಕೆ ಫೋನಿಗೇ ಕೂಗಿದಳು. “ಉಂಡ ಮ್ಯಾಲ ಮಾತಾಡ್ತಾನ!”

ಕೌಶಲ್ ಕೆಲಸ ಕಳೆದುಕೊಳ್ಳಲಿಲ್ಲ. ಅದಕ್ಕೂ ತನ್ನ ಎಣ್ಣೆಗಾಯಿಯೇ ಕಾರಣ ಎಂದು ಗದಿಗೆಮ್ಮ ಹೇಳಿಕೊಂಡು ತಿರುಗಿದಳು.

ಹೀಗೆ ಊರಿನವರಿಗೆಲ್ಲ ಉಣಿಸುವವಳು ಮೊಮ್ಮಗಳಿಗೆ ಎಷ್ಟು ಉಣಿಸಬೇಡ! ಹುಲಗೇಶನ ಮಗಳು ರೇಣುಕಾ ಒಂಬತ್ತು ವರ್ಷದವಳು, ಹಲ್ಲಿನ ನಡುವೆ ಸಂದಿ ಇರುವ ಚುರುಕು ಹುಡುಗಿ. ಆ ವರ್ಷ ಆಕೆಗೆ ಉಂಡ ಮೇಲೆ ಬಲಪಕ್ಕೆಯ ಕೆಳಗೆ ನೋವು ಹಿಡಿಯತೊಡಗಿತು. ಮೊಣಕಾಲು ಎದೆಗೆ ಒತ್ತಿ ಮುದುಡಿ ಕೂರುವಳು, ಉಂಡದ್ದೆಲ್ಲ ಕಾರುವಳು. ಗದಿಗೆಮ್ಮ ದೃಷ್ಟಿ ತೆಗೆದಳು, ಅಜವಾನದ ಕಷಾಯ ಕುಡಿಸಿದಳು, ಕಾರಿದ್ದಕ್ಕೆ ಹೊಟ್ಟೆ ಖಾಲಿಯಾಗಿದೆಯೆಂದು ಮತ್ತೆ ಉಣಿಸಿದಳು. ನೋವೂ ಮತ್ತೆ ಬಂತು. ಕೊನೆಗೆ ಹುಲಗೇಶ ಸೆಂಟ್ರಿಂಗ್ ಕೆಲಸಕ್ಕೆ ರಜೆ ಹಾಕಿ, ಮಕ್ಕಳಿಗೆಂದೇ ಇದ್ದ ಒಂದು ಧರ್ಮಾಸ್ಪತ್ರೆಗೆ ಮಗಳನ್ನು ಒಯ್ದು ಸ್ಕ್ಯಾನಿಂಗ್ ಮಾಡಿಸಿದ. ಪಿತ್ತಕೋಶದಲ್ಲಿ ಹರಳುಗಳಿವೆ ಎಂದರು.

ಪಕ್ಕದ ಶೆಡ್ಡಿನ ಅಂಬುಬಾಯಿ ಬೀದರಿನವಳು. ಗದಿಗೆಮ್ಮನಿಗೆ ಸರಿಸಾಟಿಯಾಗಿ ಅಡುಗೆ ಮಾಡುವವಳು ಆ ಓಣಿಯಲ್ಲಿ ಆಕೆಯೊಬ್ಬಳೇ. ಆದ್ದರಿಂದ ಇಬ್ಬರಿಗೂ ಒಬ್ಬರ ಅಡುಗೆ ಒಬ್ಬರು ಹೊಗಳಿದ ನೆನಪಿಲ್ಲ. ಸುದ್ದಿ ಕೇಳಿದ್ದೇ ತಡ, ಆಕೆ ಬಾಗಿಲಿಗೆ ಬಂದು ನಿಟ್ಟುಸಿರು ಬಿಟ್ಟಳು.

“ಜ್ವಾಳ ಹಸನು ಮಾಡೂವಾಗ ಜರಾ ಕಣ್ಣಿಟ್ಟು ನೋಡಬೇಕು ಗದಿಗೆಮ್ಮಕ್ಕ. ಸಣ್ಣ ಕೂಸಿನ ಹೊಟ್ಟಿ ಅದ.”

ಮರುದಿನವೇ ಗದಿಗೆಮ್ಮ ಮಗನ ಜೊತೆ ಆಸ್ಪತ್ರೆಗೆ ಹೋಗಿ ಕೂತಳು. ಮಕ್ಕಳ ಆಪರೇಶನ್ ಮಾಡುವ ಡಾಕ್ಟರ್ ಮಂದಾಕಿನಿ ಕಲಬುರಗಿಯವರು. ಕನ್ನಡ ಬರುತ್ತದೆ ಎಂದು ಗೊತ್ತಾದ ಕೂಡಲೇ ಗದಿಗೆಮ್ಮ ಶುರು ಮಾಡಿದಳು.

“ನನ್ನ ಜ್ವಾಳದಾಗ ಒಂದ ಹರಳು ಹುಡುಕಿ ತೋರಿಸ್ರಿ ಡಾಕ್ಟರಮ್ಮ. ಈಗಿಂದೀಗ ಒಲಿ ಆರಿಸಿ ಊರಿಗೆ ಹೋಗ್ತೀನಿ.”

“ಅಜ್ಜಿ, ಇದು ತಿಂದಿದ್ದರಾಗಿಂದ ಹೋಗಿದ್ದಲ್ಲ. ಲಿವರಿನ ಕೆಳಗ ಒಂದು ಸಣ್ಣ ಚೀಲ ಇರ್ತದ. ಪಿತ್ತ ಅದರಾಗ ಕೂಡ್ತದ. ಆ ಪಿತ್ತಾನೇ ಗಟ್ಟಿಯಾಗಿ ಹರಳು ಆಗ್ಯದ. ದೊಡ್ಡವರಿಗೆ ಜಾಸ್ತಿ, ಮಕ್ಕಳಿಗೂ ಒಮ್ಮೊಮ್ಮೆ ಆಗ್ತದ.”

“ಅಂದ್ರ ನಂದಲ್ಲ ತಪ್ಪು?”

“ನಿಮ್ಮದಲ್ಲ.”

“ಇದಷ್ಟು ಅಂಬುಬಾಯಿಗೆ ಫೋನಿನ್ಯಾಗ ಹೇಳಿಬಿಡ್ರಿ. ನಂಬರ ನನ್ನ ಮಗನ ಕಡಿ ಐತಿ.”

ಡಾಕ್ಟರು ನಕ್ಕು, ಮುಂದಿನ ಮಾತಿಗೆ ಬಂದರು. ಹರಳು ಜಾರಿ ನಳಿಕೆಗೆ ಸಿಕ್ಕಿಕೊಂಡರೆ ಕಾಮಾಲೆ ಆಗಬಹುದು, ಹೊಟ್ಟೆಯೊಳಗೆ ಬಾವು ಬರಬಹುದು. ಅದಕ್ಕೆ ಮೊದಲೇ ಆ ಚೀಲವನ್ನೇ ತೆಗೆದುಬಿಡುವುದು ಒಳ್ಳೆಯದು. ಹೊಟ್ಟೆ ಉದ್ದಕ್ಕೆ ಕೊಯ್ಯುವುದಿಲ್ಲ. ಹೊಕ್ಕಳದ ಹತ್ತಿರ ಒಂದು, ಮೇಲೆ ಮೂರು ಸಣ್ಣ ತೂತು. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಚಿಮಟಗಳು. ಎದುರಿಗಿನ ಟೀವಿ ನೋಡಿಕೊಂಡು ಕೆಲಸ.

ಹುಲಗೇಶನಿಗೆ ತಕ್ಷಣ ತಿಳಿಯಿತು. “ಗ್ವಾಡಿ ಒಡೀಲಾರದ, ತೂತು ಹಾಕಿ ಒಳಗಿನ ಪೈಪು ರಿಪೇರಿ ಮಾಡಿದಂಗ, ಹೌದಲ್ರಿ?”

ಗದಿಗೆಮ್ಮನಿಗೆ ಒಂದೇ ಅನುಮಾನ. “ಟೀವಿ ನೋಡಿಕೋತನಾ? ಕೂಸಿನ ಕಡಿ ಯಾರು ನೋಡ್ತಾರ?”

“ಟೀವಿಯೊಳಗ ಕೂಸೇ ಇರ್ತದ ಅಜ್ಜಿ,” ಎಂದರು ಡಾಕ್ಟರು. “ಒಂದೆರಡು ದಿನದಾಗ ಮನೀಗೆ ಹೋಗಬಹುದು. ನಾನು ಈ ಆಸ್ಪತ್ರ್ಯಾಗ ಆಪರೇಶನ್ ಮಾಡೂದು ಮಂಗಳವಾರ ಒಂದೇ. ಮುಂಜಾನಿ ಖಾಲಿ ಹೊಟ್ಟಿಲೆ ಕರಕೊಂಡು ಬರ್ರಿ. ಊಟ ಕೊಡಬ್ಯಾಡ್ರಿ.”

“ಊಟ ಕೊಡಂಗಿಲ್ಲ,” ಎಂದಳು ಗದಿಗೆಮ್ಮ. ಮಾತು ಕೊಟ್ಟಳು. ಮಾತು ಉಳಿಸಿಕೊಂಡಳು ಕೂಡ, ಆಕೆಯ ಲೆಕ್ಕದ ಪ್ರಕಾರ.

ಮಂಗಳವಾರ ಬೆಳಿಗ್ಗೆ ರೇಣುಕಾ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದಳು. ಅರಿವಳಿಕೆ ಕೊಡುವ ಡಾಕ್ಟರು ಬಂದು, ಬೆಳಿಗ್ಗೆ ಏನು ತಿಂದೆ ಎಂದು ಹಿಂದಿಯಲ್ಲಿ ಕೇಳಿದರು.

“ಕುಛ್ ನೈ ಸಾಬ್!” ಗದಿಗೆಮ್ಮ ಎದೆ ತಟ್ಟಿ ಹೇಳಿದಳು. “ಊಟ ನೈ ದಿಯಾ!”

ಮಂದಾಕಿನಿ ಡಾಕ್ಟರು ಪಕ್ಕದಲ್ಲೇ ಇದ್ದರು. ಸುಮ್ಮನೆ ಒಂದು ಸಲ ರೇಣುಕಾಳನ್ನೇ ಕೇಳಿದರು. ಈ ಹುಡುಗಿಗೆ ಎಲ್ಲ ಆಟ ಬರುತ್ತಿತ್ತು, ಸುಳ್ಳು ಒಂದು ಬರುತ್ತಿರಲಿಲ್ಲ.

“ಊಟ ಮಾಡಿಲ್ರಿ. ಮೊಸರು ಸಕ್ಕರಿ ಅಷ್ಟ.”

“ಅಷ್ಟನಾ?”

“ಬಾಳಿಹಣ್ಣು. ಬಸ್ಸಿನ್ಯಾಗ ಹೊಟ್ಟಿ ತೊಳಸಬಾರದಂತ.”

“ಮತ್ತ?”

“ಅರ್ಧ ಶೇಂಗಾ ಉಂಡಿ. ಇನ್ನರ್ಧ ಆಯಿ ಸೆರಗಿನ್ಯಾಗ ಐತ್ರಿ.” ಹುಡುಗಿ ಸ್ವಲ್ಪ ಯೋಚಿಸಿ, ನ್ಯಾಯವಾಗಿರಲಿ ಎಂದು ಸೇರಿಸಿದಳು, “ಚಾ ಮಾತ್ರ ಪೂರ್ತಿ ಕುಡೀಲಿಲ್ರಿ. ಬಿಸಿ ಇತ್ತು.”

ಎಲ್ಲರೂ ಗದಿಗೆಮ್ಮನ ಸೆರಗಿನ ಗಂಟು ನೋಡಿದರು.

“ಇದರಾಗ ಊಟ ಯಾವುದೈತ್ರಿ?” ಗದಿಗೆಮ್ಮನಿಗೆ ಸಿಟ್ಟು ಬಂತು. “ರೊಟ್ಟಿ ಇಲ್ಲ, ಅನ್ನ ಇಲ್ಲ. ದೊಡ್ಡ ಕೆಲಸಕ್ಕ ಹೊಂಟ ಕೂಸಿಗೆ ಹೊಸ್ತಿಲದಾಗ ಬಾಯಿ ಸಿಹಿ ಮಾಡೂದು ಶಾಸ್ತ್ರ. ನೀವೂ ಕಲಬುರಗಿಯವರು. ಪರೀಕ್ಷಾಕ್ಕ ಹೋಗುವಾಗ ನಿಮ್ಮವ್ವ ನಿಮಗ ಕೊಟ್ಟಿಲ್ಲೇನು?”

ಕೊಟ್ಟಿದ್ದರು ಎಂಬುದು ಡಾಕ್ಟರ ಮುಖದ ಮೇಲೇ ಇತ್ತು. ಆಮೇಲೆ ಮಂಚದ ಅಂಚಿಗೆ ಕೂತು, ಗದಿಗೆಮ್ಮನ ಕೈ ಹಿಡಿದು, ಮೆತ್ತಗೆ ಹೇಳಿದರು. “ಅಜ್ಜಿ, ಪರೀಕ್ಷಾದಾಗ ನಾ ಎಚ್ಚರ ಇರ್ತಿದ್ದೆ. ಇಲ್ಲಿ ಕೂಸಿಗೆ ಪೂರ್ತಿ ಎಚ್ಚರ ತಪ್ಪಸ್ತೀವಿ. ಹೊಟ್ಟ್ಯಾಗ ಇದ್ದದ್ದು ಮ್ಯಾಲೆ ಬಂದು ಶ್ವಾಸಕ್ಕ ಹೋದ್ರ ಜೀವಕ್ಕ ಅಪಾಯ. ಒಂದು ಚಮಚಾನೂ ನಡಿಯಂಗಿಲ್ಲ. ಇವತ್ತು ಆಪರೇಶನ್ ಇಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಕೂಸು ಅಳುತ್ತಿದ್ದರೂ ಗದಿಗೆಮ್ಮ ಸೆರಗಿನ ಅರ್ಧ ಉಂಡೆ ಬಿಚ್ಚಲಿಲ್ಲ. ಅದನ್ನು ನೋಡಿದ ಮೇಲೆಯೇ ಹುಲಗೇಶನಿಗೆ ತಾಯಿ ಎಷ್ಟು ಹೆದರಿದ್ದಾಳೆಂದು ಗೊತ್ತಾದದ್ದು. ಆದರೂ ಅವನು ಹೇಳಬೇಕಾದ್ದನ್ನು ಹೇಳಿದ.

“ಮುಂದಿನ ಸಲ ನೀ ಬರಬ್ಯಾಡ ಯವ್ವ. ಮನ್ಯಾಗ ಇರು.”

“ಆಯಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ,” ಎಂದಳು ರೇಣುಕಾ ಕಿಟಕಿಯ ಕಡೆ ಮುಖ ಮಾಡಿ. ಅಲ್ಲಿಗೆ ಆ ಮಾತು ಮುಗಿಯಿತು. ಆಕೆಯ ತಾಯಿ ಗುರುದೇವಿಯ ಮಡಿಲಲ್ಲಿ ಎಳೆಗೂಸಿತ್ತು. ಆಸ್ಪತ್ರೆಯಲ್ಲಿ ಜೊತೆಗಿರಲು ಆಯಿಯನ್ನು ಬಿಟ್ಟರೆ ಬೇರೆ ಗತಿಯೂ ಇರಲಿಲ್ಲ.

ಆ ವಾರದ ನಡುವೆ ರೇಣುಕಾಗೆ ಮತ್ತೊಮ್ಮೆ ನೋವು ಬಂತು. ಈ ಸಲ ಜೋರಾಗಿ. ಚಾಪೆಯ ಮೇಲೆ ಮುದುಡಿ ಬಿದ್ದ ಹುಡುಗಿಯ ಬೆನ್ನು ನೀವುತ್ತ ಗದಿಗೆಮ್ಮ ಒಂದು ತುತ್ತಿನ ಮಾತೂ ಎತ್ತಲಿಲ್ಲ. ಇನ್ನೊಂದು ಮಂಗಳವಾರ ತಪ್ಪಬಾರದು. ತನ್ನ ಕೈಯನ್ನು ತಾನು ಕಟ್ಟಿಹಾಕಬಲ್ಲಳು. ಓಣಿಯ ಕೈಗಳನ್ನು ಕಟ್ಟಿಹಾಕುವುದು ಹೇಗೆ? ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು, ಹೋದ ಮೇಲೆ ಎದುರಿಗೆ ಕೂತು ತಿನ್ನಿಸಿಯೇ ಬರಬೇಕು ಎಂದು ಈ ಓಣಿಗೆಲ್ಲ ಕಲಿಸಿದವಳು ತಾನೇ ಅಲ್ಲವೇ? ಡಾಕ್ಟರ ಮಾತು ಇಲ್ಲಿ ಯಾರು ಕೇಳುತ್ತಾರೆ? ತಾನೇ ಕೇಳಿರಲಿಲ್ಲ.

ಆಗ ಹೊಳೆಯಿತು. ಮಂಗಳವಾರ ಯಲ್ಲಮ್ಮನ ವಾರ. ಹುಡುಗಿಯ ಹೆಸರೋ ಆ ತಾಯಿಯದೇ. ಡಾಕ್ಟರ ಅಪ್ಪಣೆ ಮೀರುವವರು ಇದ್ದಾರು, ದೇವಿಯ ಉಪವಾಸ ಇದ್ದವರ ಬಾಯಿಗೆ ತುತ್ತು ಇಡುವ ಗಂಡೆದೆ ಈ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಗದಿಗೆಮ್ಮ ಮನೆಮನೆಗೆ ಹೋಗಿ ಸಾರಿದಳು. “ನಮ್ಮ ರೇಣಿ ಮಂಗಳವಾರ ಯಲ್ಲಮ್ಮನ ಉಪಾಸ ಐತಿ. ಯಾರೂ ಏನೂ ಕೊಡಂಗಿಲ್ಲ.” ಎಲ್ಲರೂ ಗಲ್ಲ ಬಡಿದುಕೊಂಡು ಹೂಂ ಎಂದರು. ಅಂಬುಬಾಯಿಯೂ ಕಣ್ಣಿಗೆ ಸೆರಗು ಒತ್ತಿಕೊಂಡು, “ಎಷ್ಟು ಭಕ್ತಿ ನೋಡ್ರಿ ಕೂಸಿಂದು,” ಎಂದಳು. ಕೌಶಲ್ ಮತ್ತು ಅವನ ರೂಮಿನವರಿಗೆ ಅಂದು ರೊಟ್ಟಿ ಇಲ್ಲವೆಂದು ಮೊದಲೇ ಹೇಳಿದ್ದಾಯಿತು. ಮೊಮ್ಮಗಳ ಧೈರ್ಯಕ್ಕೆಂದು ಗದಿಗೆಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಹುಟ್ಟಿದಾಗಿನಿಂದ ಯಾವ ದೇವರಿಗೂ ಹೊಟ್ಟೆ ಕಟ್ಟದವಳು ರೇಣುಕಾಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದಳು.

“ನೀ ತಿನ್ನೂತನಕ ನಾನೂ ತಿನ್ನಂಗಿಲ್ಲ ನನ್ನವ್ವ.”

“ಚಾ?”

“ಚಾನೂ ಇಲ್ಲ.”

“ಎಲಿ ಅಡಕಿ?”

ಗದಿಗೆಮ್ಮ ಒಂದು ಕ್ಷಣ ತಡವರಿಸಿ, “ಅದೂ ಇಲ್ಲ,” ಎಂದಳು.

ಎರಡನೆಯ ಮಂಗಳವಾರ ಬೆಳಿಗ್ಗೆ ಹುಡುಗಿಯನ್ನು ಮಂಚದ ಮೇಲೆ ನೋಡಿದ ಮಂದಾಕಿನಿ ಡಾಕ್ಟರು ನಿಂತಲ್ಲೇ ನಿಂತುಬಿಟ್ಟರು. ಹಣೆ, ಕೆನ್ನೆ, ಕುತ್ತಿಗೆಯೆಲ್ಲ ಹಳದಿ. ಅಯ್ಯೋ, ಹರಳು ಜಾರಿ ಕಾಮಾಲೆ ಆಗಿಯೇ ಹೋಯಿತೇ ಎಂದು ಓಡಿ ಬಂದು ರೆಪ್ಪೆ ಎತ್ತಿ ನೋಡಿದರು. ಕಣ್ಣು ಬೆಳ್ಳಗಿತ್ತು. ನಾಲಿಗೆ ನೋಡಿದರು, ಸರಿಯಿತ್ತು. ಬೆರಳಿನಿಂದ ಕೆನ್ನೆ ಒರೆಸಿದರೆ ಹಳದಿ ಬೆರಳಿಗೇ ಬಂತು.

“ಇದೇನು?”

“ಭಂಡಾರರಿ. ಯಲ್ಲಮ್ಮಂದು,” ಎಂದಳು ಗದಿಗೆಮ್ಮ. ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ನಿಂತು ಉಪವಾಸದ ಹುಡುಗಿಗೆ ಅರಿಸಿನ ಹಚ್ಚಿ ಕಳಿಸಿದ್ದರು. “ಹಚ್ಚಿದ್ದಷ್ಟ. ಒಳಗ ಏನೂ ಹೋಗಿಲ್ಲ. ನಾನ ಕಾವಲ ಕುಂತಿದ್ದೆ.”

ನರ್ಸಮ್ಮ ಹತ್ತಿ ತಂದು ಹುಡುಗಿಯನ್ನು ಒರೆಸಿ ಒರೆಸಿ ಮೊದಲಿನ ಬಣ್ಣಕ್ಕೆ ತಂದಳು. ರೇಣುಕಾಳನ್ನು ಡಾಕ್ಟರೇ ಮತ್ತೆ ವಿಚಾರಿಸಿದರು. ಏನೂ ತಿಂದಿಲ್ಲ, ಆಯಿ ಹಲ್ಲುಜ್ಜುವ ಪುಡಿಯನ್ನೂ ಉಗುಳಿಸಿ ಎರಡು ಸಲ ಬಾಯಿ ನೋಡಿದಳು ಎಂದಳು ಹುಡುಗಿ. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ, ಕರುಳು ಸಿಕ್ಕಿಕೊಂಡ ಒಂದು ಎಳೆಗೂಸನ್ನು ಯಾರೋ ಓಡೋಡಿ ತಂದರು. ಅದನ್ನು ಮೊದಲು ಒಳಗೆ ತೆಗೆದುಕೊಳ್ಳಬೇಕಾಯಿತು. ರೇಣುಕಾಳ ಸರದಿ ಮಧ್ಯಾಹ್ನಕ್ಕೆ ಹೋಯಿತು. ನರ್ಸಮ್ಮ ಕೈಗೆ ಸಲೈನ್ ಹಚ್ಚಿ, “ಪಾಪಕಿ ಏಮೀ ಪೆಟ್ಟೊದ್ದು, ನೀಳ್ಳು ಕೂಡಾ ಒದ್ದು,” ಎಂದು ತೆಲುಗಿನಲ್ಲಿ ಎಚ್ಚರಿಸಿ ಹೋದಳು. ಹುಡುಗಿಗೆ ಏನೂ ಕೊಡಬೇಡ, ನೀರೂ ಬೇಡ ಎಂದರೆ ಬೇಡ.

ಹೊಟ್ಟೆಯ ಒಂದು ಚೀಲದಲ್ಲಿ ನೋವಿದ್ದರೇನಾಯಿತು, ಉಳಿದ ಹೊಟ್ಟೆಗೆ ಹಸಿವಾಗುವುದು ಬಿಟ್ಟೀತೇ? ಬಿಸಿಲು ಏರಿದಂತೆ ರೇಣುಕಾ ಮೊದಲು ಗೊಣಗಿದಳು, ಆಮೇಲೆ ಅತ್ತಳು, ಆಮೇಲೆ ಆಯಿಯ ತೋಳು ಚಿವುಟಿದಳು.

“ಆಯಿ, ಹಸಿವಿ.”

“ನನಗೂ ಹಸಿವಿ. ನೋಡು, ನಾ ಅಳಾಕತ್ತೀನೇನು?”

ಅಳುವುದೊಂದೇ ಬಾಕಿಯಿತ್ತು. ಎದುರು ಮಂಚದಲ್ಲಿ ಕಾಲು ಮುರಿದುಕೊಂಡಿದ್ದ ಹುಡುಗಿಯೊಬ್ಬಳು ಇಡ್ಲಿ ತಿನ್ನುತ್ತಿದ್ದಳು. ಗದಿಗೆಮ್ಮ ಹೋಗಿ, ಈ ಕಡೆ ಬೆನ್ನು ಮಾಡಿ ತಿನ್ನು ಎಂದು ಆಕೆಯನ್ನು ತಿರುಗಿಸಿ ಕೂಡಿಸಿ ಬಂದಳು. ಚಟ್ನಿಯ ವಾಸನೆಯನ್ನು ತಿರುಗಿಸಲು ಆಗಲಿಲ್ಲ. ಕಿಟಕಿಯಾಚೆ ಚಹಾದವನು ಕೂಗಿದ. ಬಾಗಿಲಾಚೆ ಮಿರ್ಚಿ ಬಜ್ಜಿ ಕರಿಯುವ ಸಪ್ಪಳ. ರೊಟ್ಟಿ ಇಲ್ಲದೆ ಒಂದು ಮುಂಜಾನೆ ಇಷ್ಟು ಉದ್ದ ಇರುತ್ತದೆ ಎಂದು ಗದಿಗೆಮ್ಮನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ತನ್ನ ಬಾಗಿಲಿಗೆ ಬಂದವರಿಗೆ ತಾನು ಬಲವಂತ ಮಾಡಿ ತಿನ್ನಿಸಿದ್ದು ಎಷ್ಟು ಸರಿಯಿತ್ತು ಎಂದು ಮಾತ್ರ ಇನ್ನಷ್ಟು ಖಾತ್ರಿಯಾಯಿತು.

ನರ್ಸಮ್ಮ ಚೀಟಿ ಕೊಟ್ಟಳೆಂದು ಹುಲಗೇಶ ಔಷಧಿ ಅಂಗಡಿಗೆ ಇಳಿದು ಹೋದ. ಅವನು ಅತ್ತ ಹೋದ, ಇತ್ತ ವಾರ್ಡಿನ ಬಾಗಿಲಲ್ಲಿ ಅಂಬುಬಾಯಿ ಕಂಡಳು. ಹೊಸ ಸೀರೆ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಸ್ಟೀಲಿನ ದೊಡ್ಡ ಡಬ್ಬಿ.

“ಬಾಯಿ ಒಣಗ್ಯದಲ್ಲ ನನ್ನ ಬಂಗಾರಿದು!” ಎನ್ನುತ್ತಲೇ ಮಂಚಕ್ಕೆ ಒರಗಿ ಕೂತು ಮುಚ್ಚಳ ತೆಗೆದಳು. ತುಪ್ಪದಲ್ಲಿ ಹುರಿದ ಜೀರಿಗೆ, ಶೇಂಗಾ ಪುಡಿ, ಹಸಿಮೆಣಸಿನಕಾಯಿಯ ಘಮ ಇಡೀ ವಾರ್ಡಿಗೆ ಹಬ್ಬಿತು. ಮುತ್ತಿನಂತೆ ಬಿಡಿಬಿಡಿಯಾದ ಸಾಬುದಾಣಿಯ ಖಿಚಡಿ, ಇನ್ನೂ ಹಬೆಯಾಡುತ್ತಿತ್ತು.

ತಾನು ಮಾಡಿದ ತಪ್ಪು ಗದಿಗೆಮ್ಮನಿಗೆ ಆಗ ಗೊತ್ತಾಯಿತು. ಉಪವಾಸ ಎಂದಿದ್ದಳು. ಎಂಥ ಉಪವಾಸ ಎಂದು ಬಿಡಿಸಿ ಹೇಳಿರಲಿಲ್ಲ. ಸ್ವತಃ ಒಂದು ದಿನವೂ ಉಪವಾಸ ಮಾಡದವಳಿಗೆ ಅದು ಹೊಳೆಯುವುದಾದರೂ ಹೇಗೆ? ಅಂಬುಬಾಯಿಯ ಮನೆಯಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿ ಮುಟ್ಟುವುದಿಲ್ಲ, ಅಷ್ಟೇ. ಸಾಬುದಾಣಿ, ಬಟಾಟಿ, ಬಾಳೆಹಣ್ಣು, ಕೆನೆಹಾಲು ಎಲ್ಲ ನಡೆಯುತ್ತದೆ. ಅಲ್ಲಿ ಉಪವಾಸದ ದಿನವೇ ಜನ ಒಂದು ಸುತ್ತು ದಪ್ಪಗಾಗುವುದು.

“ಅಂಬುಬಾಯಿ, ಬ್ಯಾಡ!”

“ಉಪಾಸಕ್ಕ ನಡೀತದ ಗದಿಗೆಮ್ಮಕ್ಕ. ಉಳ್ಳಾಗಡ್ಡಿ ಹಾಕಿಲ್ಲ, ಸ್ನಾನ ಮಾಡೇ ಮಾಡೀನಿ. ಆ ಅನ್ನು ಮಗಳ!”

ರೇಣುಕಾ ‘ಆ’ ಎಂದಳು. ಹುಡುಗಿಯದೇನು ತಪ್ಪು? ಆ ಘಮಕ್ಕೆ ಕಾಲು ಮುರಿದವಳೂ ಇತ್ತ ತಿರುಗಿ ಬಾಯಿ ತೆರೆದಿದ್ದಳು. ಚಮಚ ಮೇಲೆದ್ದಿತು. ಕಸಿದುಕೊಳ್ಳೋಣವೆಂದರೆ ಗದಿಗೆಮ್ಮನ ಒಂದು ಕೈ ಸಲೈನಿನ ನಳಿಕೆಯಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದರಲ್ಲಿ ರೇಣುಕಾಳ ಹೆಗಲು. ಉಳಿದದ್ದು ಬಾಯಿ ಒಂದೇ. ಆಕೆ ಕತ್ತು ಚಾಚಿ, ಮೊಮ್ಮಗಳ ತುಟಿಗೆ ತಾಗಲಿದ್ದ ಚಮಚವನ್ನು ಗಬಕ್ಕನೆ ತಾನೇ ಕಚ್ಚಿದಳು.

ಅಂಬುಬಾಯಿ ಚಮಚ ಬಿಡಲಿಲ್ಲ. ಗದಿಗೆಮ್ಮನೂ ಬಿಡಲಿಲ್ಲ.

“ಅಯ್ಯ, ಇದೇನ ಯಕ್ಕಾ! ಕೂಸಿಗೆ ತಂದದ್ದು ನೀ ತಿಂತಿ?”

ಬಾಯಿ ತುಂಬ ಖಿಚಡಿ ಇದ್ದ ಗದಿಗೆಮ್ಮ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಸರಿಯಾಗಿ ಆ ಹೊತ್ತಿಗೇ ನರ್ಸಮ್ಮ ತಳ್ಳುವ ಮಂಚದೊಂದಿಗೆ ಬಂದಳು. ಎಳೆಗೂಸಿನ ಆಪರೇಶನ್ ಮುಗಿದಿತ್ತು, ರೇಣುಕಾಳನ್ನು ಕರೆಯಲು ಬಂದಿದ್ದಳು. ನೋಡಿದರೆ ಮಂಚದ ಮೇಲೆ ತೆರೆದ ಡಬ್ಬಿ, ಹುಡುಗಿಯ ಗದ್ದದ ಮೇಲೆ ಒಂದು ಸಾಬುದಾಣಿ ಕಾಳು. ನರ್ಸಮ್ಮ ತೆಲುಗಿನಲ್ಲಿ ಕೂಗಿದ ಕೂಗಿಗೆ ಮಂದಾಕಿನಿ ಡಾಕ್ಟರು ಒಳಗಿನಿಂದ ಬಂದರು. ಕಾಳು ನೋಡಿದರು. ಅವರ ಮುಖ ಇಳಿಯಿತು.

“ಮತ್ತ ತಿನ್ನಿಸಿದ್ರಾ ಅಜ್ಜಿ?”

ಗದಿಗೆಮ್ಮನ ಕಣ್ಣಲ್ಲಿ ನೀರು ಬಂತು. ನುಂಗಿದರೆ ಸಾಕ್ಷಿ ಹೋಗುತ್ತದೆ, ನುಂಗದಿದ್ದರೆ ಮಾತು ಬರುವುದಿಲ್ಲ. ಆಕೆ ತನ್ನ ಬಾಯಿ ಅಗಲವಾಗಿ ತೆರೆದು ಡಾಕ್ಟರ ಮುಂದೆ ಹಿಡಿದಳು. ಆಮೇಲೆ ರೇಣುಕಾಳ ಗಲ್ಲ ಹಿಡಿದು ಆಕೆಯ ಬಾಯಿಯನ್ನೂ ತೆರೆಸಿದಳು. ಡಾಕ್ಟರು ಬ್ಯಾಟರಿ ಹಾಕಿ ಎರಡೂ ಬಾಯಿ ನೋಡಿದರು. ಒಂದರ ತುಂಬ ಸಾಬುದಾಣಿ, ಇನ್ನೊಂದರಲ್ಲಿ ಹಲ್ಲಿನ ಸಂದಿ ಮಾತ್ರ. ಆದರೂ ನುಂಗಿದ್ದರೆ? ಅವರು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಹುಡುಗಿಯ ಮುಖಕ್ಕೆ ಮುಖ ತಂದರು.

“ರೇಣುಕಾ, ಖರೇ ಹೇಳು. ಒಂದ ಕಾಳರ ತಿಂದಿಯೇನು?”

ರೇಣುಕಾ ಬೆಳಗಿನಿಂದ ಒತ್ತಿ ಹಿಡಿದದ್ದೆಲ್ಲ ಒಮ್ಮೆಲೇ ಒಡೆಯಿತು.

“ನಾ ತಿಂದಿಲ್ರೀ!” ಎಂದು ವಾರ್ಡು ಹಾರಿಹೋಗುವಂತೆ ಕಿರುಚಿದಳು. “ಬಾಯಿಗೆ ಬಂದಿತ್ತು, ಆಯಿ ತಿಂದ್ಲು! ನನಗ ಒಂದ ಕಾಳೂ ಬಿಡಲಿಲ್ಲ! ನೀ ತಿನ್ನೂತನಕ ತಿನ್ನಂಗಿಲ್ಲ ಅಂದಿದ್ಲು, ನನ್ನ ಎದುರಿಗೇ ಗಬಗಬ ತಿಂದ್ಲು! ಸುಳ್ಳಿ! ಕಳ್ಳಿ!”

ಇಷ್ಟು ಸಿಟ್ಟನ್ನು ಯಾರೂ ಹೇಳಿಕೊಟ್ಟು ಹೇಳಿಸಲಾರರು. ಹೊಟ್ಟೆಗೆ ಒಂದು ಕಾಳು ಹೋಗಿದ್ದರೂ ದನಿಯಲ್ಲಿ ಇಷ್ಟು ಸಂಕಟ ಇರುತ್ತಿರಲಿಲ್ಲ. ಡಾಕ್ಟರು ಎದ್ದು ನಿಂತು ನರ್ಸಮ್ಮನಿಗೆ ತಲೆಯಾಡಿಸಿದರು. “ತಗೊಂಡು ಬಾ. ಗದ್ದ ಒರಸು.” ಆಮೇಲೆ ಗದಿಗೆಮ್ಮನ ಕಡೆ ತಿರುಗಿದರು. “ಅಜ್ಜಿ, ಇನ್ನ ನುಂಗ್ರಿ. ಆ ಡಬ್ಬಿ ಮಾತ್ರ ಈ ವಾರ್ಡಿನಾಗ ಇರಬಾರದು.”

ರೇಣುಕಾಳನ್ನು ಒಳಗೆ ಒಯ್ದರು. ಬಾಗಿಲು ಮುಚ್ಚುವವರೆಗೂ ‘ಕಳ್ಳಿ’ ಎಂಬ ಕೂಗು ಕೇಳುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಗದಿಗೆಮ್ಮ, ಅಂಬುಬಾಯಿ, ಔಷಧಿಯ ಪೊಟ್ಟಣ ಹಿಡಿದು ಬಂದ ಹುಲಗೇಶ ಸಾಲಾಗಿ ಕೂತರು. ಅಂಬುಬಾಯಿಗೆ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಬೇಕಾಯಿತು. ಕೇಳಿ ಆಕೆ ತಲೆಗೆ ಕೈ ಹಚ್ಚಿಕೊಂಡಳು.

“ನೀರೂ ಮುಟ್ಟದ ನಿರಂಕಾರ ಉಪಾಸ ಅಂತ ಒಂದ ಮಾತು ಅಂದಿದ್ರ ನಾ ಬರ್ತಿದ್ದೆನೇನು! ನನ್ನ ಕೈಲೆ ಕೂಸಿಗಿ ಏನರ ಆಗಿದ್ರ?” ಅಷ್ಟು ಅತ್ತು, ಮೂಗು ಒರೆಸಿಕೊಂಡು, ಡಬ್ಬಿಯನ್ನು ಗದಿಗೆಮ್ಮನ ಮಡಿಲಿಗೆ ತಳ್ಳಿದಳು. “ತುಂಬಿದ ಡಬ್ಬಿ ವಾಪಸ್ ಒಯ್ಯಂಗಿಲ್ಲ ನಾ. ಹೆಂಗೂ ಉಪಾಸ ಮುರದೀದಿ. ತಿನ್ನು.”

ಗದಿಗೆಮ್ಮ ಮುಚ್ಚಿದ ಬಾಗಿಲನ್ನು ನೋಡುತ್ತ ತಿಂದಳು. ಆಣೆ ಮುರಿದದ್ದಕ್ಕೆ ಯಲ್ಲಮ್ಮನ ಹತ್ತಿರ ಒಂದೊಂದು ತುತ್ತಿಗೂ ತಪ್ಪೊಪ್ಪಿಕೊಂಡಳು. ತುತ್ತು ಮಾತ್ರ ನಿಲ್ಲಲಿಲ್ಲ. ಹೆದರಿಕೆಯಾದಾಗ ಆಕೆಯ ಕೈಗೆ ಬರುತ್ತಿದ್ದುದು ಅದೊಂದೇ ಕೆಲಸ.

ಡಬ್ಬಿ ಖಾಲಿಯಾಗಿ ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮಂದಾಕಿನಿ ಡಾಕ್ಟರು ಟೊಪ್ಪಿಗೆ ತೆಗೆಯುತ್ತ ಬಂದು, ಎಲ್ಲ ಸಲೀಸಾಗಿ ಆಯಿತೆಂದರು. ಚೀಲ ಪೂರ್ತಿ ಹೊರಗೆ ಬಂದಿದೆ, ಹರಳು ಜಾರಿರಲಿಲ್ಲ. ಹುಲಗೇಶ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ. ಗದಿಗೆಮ್ಮ ಡಾಕ್ಟರ ಕಾಲಿಗೆ ಬೀಳಲು ಬಾಗಿದವಳು ಮೊಣಕಾಲು ಹಿಡಿದು ಮೇಲೇಳಲು ಆಗದೆ, ಡಾಕ್ಟರೇ ಎತ್ತಿ ಕೂಡಿಸಬೇಕಾಯಿತು.

ವಾರ್ಡಿಗೆ ತಂದು ಮಲಗಿಸಿದ ಮೇಲೆ ಅಂಬುಬಾಯಿ ಹೊದಿಕೆ ಸರಿಸಿ ನೋಡಿ ದಂಗಾದಳು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿ. “ಇಷ್ಟನಾ? ನಮ್ಮ ಕಾಕಾಂದು ಇಲ್ಲಿಂದ ಇಲ್ಲೀತನಕ ಕೊಯ್ದಿದ್ರು!” ಎಂದು ತನ್ನ ಎದೆಯಿಂದ ಹೊಕ್ಕಳದವರೆಗೆ ಗೆರೆ ಎಳೆದು ತೋರಿಸಿದಳು. ಬಾಗಿಲ ಬಳಿ ಸೇರಿದ್ದವರಿಗೂ ಒಬ್ಬೊಬ್ಬರಾಗಿ ಬಂದು ನೋಡಲು ಅನುಮತಿ ಕೊಡುತ್ತಿದ್ದಳು. ನರ್ಸಮ್ಮ ಎಲ್ಲರನ್ನೂ ಓಡಿಸಿದಳು.

ರೇಣುಕಾಗೆ ಪೂರ್ತಿ ಎಚ್ಚರವಾದಾಗ ಸಂಜೆಯಾಗಿತ್ತು. ಹೆಗಲು ನೋಯುತ್ತದೆ ಎಂದಳು. ಹೊಟ್ಟೆಗೆ ಊದಿದ ಗ್ಯಾಸಿನಿಂದ ಹಾಗಾಗುತ್ತದೆ, ಹೋಗುತ್ತದೆ ಎಂದರು ಡಾಕ್ಟರು. ಆಯಿಯನ್ನು ಕಂಡ ಕೂಡಲೇ ಹುಡುಗಿ ಮುಖ ಆಚೆ ತಿರುಗಿಸಿದಳು. ನರ್ಸಮ್ಮ ಬಟ್ಟಲಲ್ಲಿ ನೀರು ತಂದು, ಇನ್ನು ಕೊಡಬಹುದು ಎಂದು ಗದಿಗೆಮ್ಮನ ಕೈಗೆ ಚಮಚ ಕೊಟ್ಟಳು. ಜೀವಮಾನದಲ್ಲಿ ಮೊದಲ ಬಾರಿಗೆ ಗದಿಗೆಮ್ಮನ ಕೈ ಉಣಿಸಲು ಅಂಜಿತು.

“ಖರೇನ ಕೊಡಲೇನು? ಡಾಕ್ಟರಮ್ಮಗ ಇನ್ನೊಮ್ಮಿ ಕೇಳಿ ಬಾರವ್ವ.”

ನರ್ಸಮ್ಮ ಹಣೆ ಚಚ್ಚಿಕೊಂಡಳು. ಮಂದಾಕಿನಿ ಡಾಕ್ಟರು ಆ ಕಡೆಯ ಮಂಚದಿಂದಲೇ, “ಕೊಡ್ರಿ ಅಜ್ಜಿ, ನಾ ಹೇಳೀನಿ!” ಎಂದು ಕೂಗಿದರು.

“ನಿನ್ನ ಕೈಲೆ ಬ್ಯಾಡ,” ಎಂದಳು ರೇಣುಕಾ ಗೋಡೆಗೆ. “ನೀ ಆಣಿ ಮುರದಿ.”

“ನಿನ್ನ ಸಲುವಾಗಿ ಮುರದೀನವ್ವ. ನಾ ತಿನ್ನಲಿಲ್ಲಂದ್ರ ನೀ ತಿಂತಿದ್ದಿ.”

ಗೋಡೆಯೇ ಕೇಳಿತು, “ರುಚಿ ಇತ್ತೇನು?”

ಗದಿಗೆಮ್ಮ ಹಿಂದೆ ಮುಂದೆ ನೋಡಿದಳು. ದನಿ ತಗ್ಗಿಸಿದಳು.

“ಉಪ್ಪು ಕಮ್ಮಿ ಇತ್ತು.”

“ಉಪ್ಪು ಕಮ್ಮಿ ಇತ್ತಂತ!” ಮಂಚದ ಕೆಳಗೆ ಕೂತು ಡಬ್ಬಿ ಒರೆಸುತ್ತಿದ್ದ ಅಂಬುಬಾಯಿ ಧಡಕ್ಕನೆ ಎದ್ದಳು. “ತಳಾ ಸೈತ ನೆಕ್ಕಿ ಕೊಟ್ಟಾಳ, ತೊಳಿಯೂ ಕೆಲಸಾನೂ ಇಟ್ಟಿಲ್ಲ! ನೋಡು, ನೋಡು ಡಬ್ಬಿ!”

ರೇಣುಕಾ ನಕ್ಕಳು. ನಕ್ಕ ಕೂಡಲೇ ಹೊಟ್ಟೆ ಹಿಡಿದುಕೊಂಡು, “ನಗಸಬ್ಯಾಡ್ರೆ, ತೂತು ನೋಯ್ತಾವು!” ಎಂದು ಅಳುಮುಖ ಮಾಡಿ ಮತ್ತೆ ನಕ್ಕಳು. ಆಮೇಲೆ ಆಯಿಯ ಕಡೆ ತಿರುಗಿ ಬಾಯಿ ತೆರೆದಳು. ಗದಿಗೆಮ್ಮ ಇನ್ನೊಮ್ಮೆ ನರ್ಸಮ್ಮನ ಮುಖ ನೋಡಿ, ಅರ್ಧ ಚಮಚ ನೀರನ್ನು ಮೊಮ್ಮಗಳ ನಾಲಿಗೆಯ ಮೇಲೆ ಬಿಟ್ಟಳು.